ಹೊಗೆಗೂಡಿನ ಎಡಕ್ಕೆ

ನಮ್ಮ ಕೆ.ಜಿ.ಎಫ್.ಗೆ ಒಂದು ಕಾಲದಲ್ಲಿ ‘ಪುಟ್ಟ ಇಂಗ್ಲೆಂಡ್’ ಎಂಬ ಹೆಸರಿತ್ತು ಎಂದು ಹೇಳದೆ ಇಲ್ಲಿ ಯಾರೂ ಭಾಷಣ ಶುರುಮಾಡುವುದಿಲ್ಲ. ಒಂದಿಷ್ಟು ಬಂಗಲೆ, ಒಂದು ಕ್ಲಬ್ಬು, ಬೇಲಿಯ ಮೇಲೆ ನಾಲ್ಕು ಗುಲಾಬಿ ಇದ್ದರೆ ಇಂಗ್ಲೆಂಡ್ ಆಗಿಬಿಡುತ್ತದೆ. ಸುತ್ತಲಿನ ಗಣಿಕೂಲಿಗಳ ಲೈನುಗಳಲ್ಲಿ ತಗಡಿನ ಮಾಡಿನ ಕೆಳಗೆ ಮಲಗುತ್ತಿದ್ದ ಸಾವಿರಾರು ಜನ ಆ ಲೆಕ್ಕಕ್ಕೆ ಬರುವುದಿಲ್ಲ. ಗಣಿ ಮುಚ್ಚಿತು, ಬಂಗಲೆಗಳ ಹೆಂಚು ಉದುರಿತು, ಚಿನ್ನ ಸೋಸಿ ಸುರಿದ ಸೈನೈಡ್ ದಿಬ್ಬದ ಬೂದಿಮಣ್ಣು ಗಾಳಿಗೆ ಎದ್ದು ಎಲ್ಲರ ಊಟದ ತಟ್ಟೆಗೂ ಸಮನಾಗಿ ಬಿತ್ತು. ಇಂಗ್ಲೆಂಡ್ ಎಂಬ ಮಾತು ಮಾತ್ರ ಉದುರಲಿಲ್ಲ.

ಆದ್ದರಿಂದ ಚಾಂಪಿಯನ್ ರೀಫ್ಸ್‌ಗೂ ಕ್ಯಾಸಂಬಳ್ಳಿಗೂ ನಡುವಿನ ಒಂದು ಪಾಳು ಬಂಗಲೆಯನ್ನು ಅದರ ನೀಲಗಿರಿ ತೋಪಿನ ಸಮೇತ ಬೆಂಗಳೂರಿನ ಯಾರೋ ಕೊಂಡು, ಅಲ್ಲಿ ‘ಇಂಗ್ಲಿಷ್ ಹಳ್ಳಿ’ ಕಟ್ಟುತ್ತಿದ್ದಾರೆ, ಬಂದವರನ್ನು ತೋಪಿನೊಳಗೆ ‘ಆಟಮ್ ವಾಕ್’ ಎಂಬ ಶರತ್ಕಾಲದ ನಡಿಗೆಗೆ ಕರೆದೊಯ್ಯುತ್ತಾರೆ ಎಂಬ ಸುದ್ದಿ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಬಂಗಾರಪೇಟೆಯ ನನ್ನ ಮನೆಯಲ್ಲಿ ಕುಳಿತು ಚೆನ್ನಾಗಿ ನಕ್ಕೆ. ಅಕ್ಕನ ಫೋನು ಬರುವವರೆಗೆ ನಗುತ್ತಲೇ ಇದ್ದೆ.

“ಏನ್ಲಾ, ಪೇಪರ್ ಓದ್ಕೊಂಡು ಕುಂತಿದೀಯಾ? ಇಲ್ಲಿ ನಮ್ ದಾರಿಗೆ ತಂತಿ ಬಿಗ್ದವ್ರೆ.”

“ಯಾವ ದಾರಿ ಅಕ್ಕಾ?”

“ಯಾವ್ದು ಅಂತ ಕೇಳ್ತಾನೆ ನೋಡು. ಮದ್ವೆ ಮನೇಲಿ, ತಿಥಿ ಮನೇಲಿ ಎಲ್ಲಾ ಕಡೆ ಯೋಳ್ಕೊಂಡು ತಿರುಗ್ತೀಯಲ್ಲಾ, ಅಪ್ಪನ್ ಜೊತೆ ಆಲು ತಕ್ಕೊಂಡು ಬಂಗ್ಲೆಗೆ ಓಗ್ತಿದ್ದೆ ಅಂತ. ಅದೇ ದಾರಿ ಕಣ್ಲಾ.”

ನನ್ನ ನಗು ನಿಂತಿತು. ಅಕ್ಕನನ್ನು ಅದೇ ಊರಿನಲ್ಲಿದ್ದ ಸೋದರಮಾವನಿಗೇ ಕೊಟ್ಟಿದ್ದರಿಂದ ಅವಳು ನಮ್ಮ ಊರು ಬಿಡಲೇ ಇಲ್ಲ. ಊರೆಂದರೆ ಕೆಲವೇ ಮನೆಗಳ ಹಟ್ಟಿ. ಹಾಲಿನ ಡೈರಿ ಇರುವುದು ತೋಪಿನ ಆಚೆ, ಟಾರು ರಸ್ತೆಯ ಮೇಲೆ. ಅಪ್ಪ ಆ ತೋಪಿನೊಳಗಿಂದ ಬಂದು, ಬಂಗಲೆಗೆ ಹಾಲು ಕೊಟ್ಟು, ಅದರ ಹಿಂಬದಿಯಿಂದ ಹಾದು ರಸ್ತೆಗೆ ಹತ್ತುತ್ತಿದ್ದ. ಈಗ ಅಕ್ಕ ಬೆಳಗ್ಗೆ ಸಂಜೆ ಅದೇ ತೋಪಿನೊಳಗೆ, ಕಾಲಿಗೆ ಸುಲಭವಾದ ಕಡೆಯಿಂದ, ಹಾಲಿನ ಕ್ಯಾನು ಹೊತ್ತು ನಡೆಯುತ್ತಾಳೆ. ತೋಪಿಗೆ ಬೇಲಿ ಬಿದ್ದರೆ ಕೆರೆ ಏರಿಯ ಮೇಲಿಂದ ಸುತ್ತಬೇಕು. ಸುತ್ತಿ ತಲುಪುವ ಹೊತ್ತಿಗೆ ಡೈರಿಯವನು ಅಳತೆ ಮುಗಿಸಿ ಬಾಗಿಲು ಹಾಕಿರುತ್ತಾನೆ. ಮನೆಯಲ್ಲಿ ಬೈಕ್ ಇದೆ, ಆದರೆ ಅದು ಕಾರ್ಖಾನೆಯೊಂದರಲ್ಲಿ ವಾಚ್‌ಮನ್ ಆಗಿರುವ ಭಾವನ ಜೊತೆ ಹೋಗುತ್ತದೆ, ಹಾಲಿನ ಹೊತ್ತು ಕಳೆದ ಮೇಲೆ ಬರುತ್ತದೆ.

“ಇಂಗೇ ಆದ್ರೆ ಅಸು ಮಾರ್ಬೇಕಾಯ್ತದೆ,” ಎಂದಳು. ಹಸು ಮಾರುವ ಮಾತನ್ನು ಅಕ್ಕ ಸುಮ್ಮನೆ ಆಡುವವಳಲ್ಲ. ಭಾವನನ್ನು ಮಾರುವ ಮಾತು ದಿನಾ ಆಡುತ್ತಾಳೆ.

“ನಾನೇನು ಮಾಡಲಿ?”

“ಬಂದು ಸಾಕ್ಷಿ ಯೋಳು. ನೀನು ಓದ್ದೋನು, ನಿನ್ ಮಾತು ಕೇಳ್ತಾರೆ.”

ಇಲ್ಲಿಯೇ ನನ್ನ ತೊಂದರೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ಮೇಷ್ಟ್ರಾದವನು. ಅಲ್ಲಿ ನನ್ನ ತಲೆಗೆ ಸರಿಯಾಗಿ ಇಳಿದ ಪಾಠ ಒಂದೇ: ‘ನಾನೇ ಕಣ್ಣಾರೆ ಕಂಡೆ’ ಎನ್ನುವವನನ್ನು ಮೊದಲು ಅನುಮಾನಿಸು. ಆ ಪಾಠವನ್ನು ಬೇರೆಯವರ ಮೇಲೆ ಪ್ರಯೋಗಿಸಿದ್ದರೆ ನಾನು ಸುಖವಾಗಿರುತ್ತಿದ್ದೆ. ನನ್ನ ಮೇಲೇ ಪ್ರಯೋಗಿಸಿಕೊಂಡು, ಮನೆಯ ಬೀಗ ಹಾಕಿದೆನೇ ಇಲ್ಲವೇ ಎಂದು ರೈಲ್ವೆ ಗೇಟಿನಿಂದ ವಾಪಸು ಬರುವ ಮನುಷ್ಯನಾಗಿದ್ದೇನೆ. ಅಂಥವನ ನೆನಪಿನ ಮೇಲೆ ಹಸುಗಳು ನಿಂತಿದ್ದವು.

ಮರುದಿನ ಬಸ್ಸು ಹಿಡಿದು ಹೋದೆ. ದಸರಾ ಮುಗಿದಿತ್ತು. ನಮ್ಮ ಕಡೆ ಶರತ್ಕಾಲ ಅಂತ ಯಾರೂ ಕರೆಯುವುದಿಲ್ಲ, ಅದಕ್ಕೆ ಅದೂ ಸದ್ದಿಲ್ಲದೆ ಬಂದು ಹೋಗುತ್ತದೆ. ರಾಗಿ ತೆನೆ ಬಗ್ಗಿತ್ತು, ಸಾಲಿನ ನಡುವೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು, ಅವರೆ ಬಳ್ಳಿಯ ವಾಸನೆ ಬಸ್ಸಿನ ಕಿಟಕಿಯೊಳಕ್ಕೂ ಬರುತ್ತಿತ್ತು. ನೋಡಲು ಇಷ್ಟೆಲ್ಲ ಇರುವಾಗ ಜನ ದುಡ್ಡು ಕೊಟ್ಟು ಏನು ನೋಡಲು ಬರುತ್ತಾರೆ ಎಂದು ತಿಳಿಯುವ ಕುತೂಹಲಕ್ಕೆ ಮೊದಲು ಇಂಗ್ಲಿಷ್ ಹಳ್ಳಿಗೇ ನುಗ್ಗಿದೆ.

ಮ್ಯಾನೇಜರ್ ಧಾರವಾಡದ ಕಡೆಯವರು. ಇಲ್ಲಿನ ಕಾರ್ಖಾನೆಯಲ್ಲಿ ಜೀವಮಾನ ಕಳೆದು, ನಿವೃತ್ತಿಯ ನಂತರ ಇಂಗ್ಲೆಂಡಿನ ಆಡಳಿತ ವಹಿಸಿಕೊಂಡಿದ್ದರು.

“ಬರ್ರಿ ಸರ, ಬರ್ರಿ. ಹಿಸ್ಟರಿ ಓದಿದವ್ರು ಬಂದ್ರ ನಮಗೂ ಚಲೋ. ಗೆಸ್ಟ್ ಮುಂದ ಎರಡು ಮಾತ ಹೇಳಬೌದು.”

ಅವರು ನನ್ನನ್ನು ಹಳ್ಳಿ ಸುತ್ತಿಸಿದರು. ಬಂಗಲೆಯಲ್ಲಿ ಉಳಿದಿದ್ದದ್ದು ಇಟ್ಟಿಗೆಯ ಹೊಗೆಗೂಡು ಒಂದೇ. ಅದಕ್ಕೆ ತಕ್ಕ ಹಾಗೆ ಸುತ್ತ ಪುಟ್ಟ ಮನೆಗಳು ಎದ್ದಿದ್ದವು, ಪ್ರತಿ ಮನೆಯ ಮೇಲೂ ಫೈಬರಿನ ಹೊಗೆಗೂಡು. ಒಳಗೆ ಒಲೆ ಇಲ್ಲ, ಏಸಿ ಇದೆ. ಮೂಲೆಯಲ್ಲಿ ಕೆಂಪು ಬಣ್ಣದ ಟೆಲಿಫೋನ್ ಗೂಡು, ಒಳಗೆ ಪೊರಕೆಗಳು. ಹೊಂಗೆಮರಗಳ ಕೊಂಬೆಗೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಎಲೆಗಳನ್ನು ತಂತಿಯಿಂದ ಕಟ್ಟಿದ್ದರು. ಹೊಂಗೆ ಮರ ಸಂಕೋಚದಿಂದ ನಿಂತಿತ್ತು.

“ಆಟಮ್ ಫೀಲ್ ಬರಬೇಕಲ್ರಿ,” ಎಂದರು ಮ್ಯಾನೇಜರ್. “ಆದ್ರ ಏನ ಹೇಳ್ಲಿ ನಿಮಗ, ಇವ್ರು ಬಿಡಾಂಗಿಲ್ಲ.”

ಬಿಡದೇ ಇದ್ದವರು ಗುಡಿಸುವ ಹೆಂಗಸರು. ದಾರಿಯ ಮೇಲೆ ಒಣಗಿದೆಲೆ ದಪ್ಪಗೆ ಬಿದ್ದಿರಬೇಕು, ಅತಿಥಿಗಳು ಸರಪರ ತುಳಿಯುತ್ತಾ ನಡೆಯಬೇಕು ಎಂದು ಮಾಲೀಕರ ಆಸೆ. ಆದರೆ ಮುಂಜಾನೆ ಅಂಗಳ ಗುಡಿಸದೆ ಈ ಕಡೆಯ ಯಾವ ಹೆಂಗಸಿನ ಕೈಯೂ ಸುಮ್ಮನಿರುವುದಿಲ್ಲ. ಮ್ಯಾನೇಜರ್ ಏಳುವುದರೊಳಗೆ ಅವರು ಶರತ್ಕಾಲವನ್ನು ಪೂರ್ತಿ ಗುಡಿಸಿ, ನೀರು ಚಿಮುಕಿಸಿ, ಅಭ್ಯಾಸಬಲದಿಂದ ಒಂದು ರಂಗೋಲಿಯನ್ನೂ ಎಳೆದಿರುತ್ತಿದ್ದರಂತೆ. ನಾನು ಹೋದಾಗ ಅವರಲ್ಲೊಬ್ಬಳು ಗೋಣಿಚೀಲದಿಂದ ಎಲೆ ತೆಗೆದು ದಾರಿಯ ಮೇಲೆ ಚೆಲ್ಲುತ್ತಿದ್ದಳು. ಮುಖ ಊದಿತ್ತು.

“ಗುಡ್ಸಿದ್ರೆ ಬೈತಾರೆ ಸಾರ್,” ಎಂದಳು. “ಕಸ ಆಕೋಕೆ ಸಂಬ್ಳ ಕೊಡೋ ಜಾಗ ಇದೊಂದೇ. ನಮ್ಮತ್ತೆ ನೋಡಿದ್ರೆ ಎದೆ ಒಡ್ಕೊಂಡು ಸಾಯ್ತಾಳೆ.”

ನಾನು ದಾರಿಯ ಮಾತೆತ್ತಿದೆ. ಇಂಗ್ಲೆಂಡಿನಲ್ಲಿ ಜನ ತಲೆಮಾರುಗಳಿಂದ ನಡೆದುಬಂದ ಕಾಲುದಾರಿಯನ್ನು ಜಮೀನಿನ ಒಡೆಯ ಕೂಡ ಮುಚ್ಚುವಂತಿಲ್ಲ, ಅಲ್ಲಿನ ಹಳ್ಳಿಗಳ ಸುತ್ತ ಜನ ಸಾಲುಗಟ್ಟಿ ನಡೆಯುವುದೇ ಅಂಥ ದಾರಿಗಳಲ್ಲಿ ಎಂದು ಎಲ್ಲೋ ಓದಿದ್ದನ್ನು ಹೇಳಿದೆ. ಮ್ಯಾನೇಜರ್ ಗಂಭೀರವಾಗಿ ಕೇಳಿಸಿಕೊಂಡರು. ಹೊಗೆಗೂಡು, ಫೋನಿನ ಗೂಡು, ಎಲೆ ಎಲ್ಲವನ್ನೂ ತಂದವರು ಇದೊಂದನ್ನು ತರಲು ಮರೆತಿದ್ದರು.

“ಹಳೇ ದಾರಿ ಇದ್ದದ್ದು ಖರೆ ಆದ್ರ ಸಾಹೇಬ್ರಿಗೆ ಹೇಳಿ ಬಿಡಸ್ತೀನ್ರಿ. ಆದ್ರ ಎಲ್ಲಿತ್ತು? ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಸ್ತಾರ. ಬಾಯಿ ಮಾತಿಗೆ ಬೇಲಿ ಕತ್ತರಸಾಕ ಆಗ್ತದೇನ್ರಿ?”

ಆ ಸಂಜೆ ಡೈರಿಯ ಮುಂದೆ ಹಟ್ಟಿಯವರು ಸೇರಿದರು, ಮ್ಯಾನೇಜರೂ ಬಂದರು. ನಮ್ಮ ದೊಡ್ಡಪ್ಪನ ವರಸೆಯ ಒಬ್ಬ ಮುದುಕ ಅಲ್ಲಿದ್ದ. ಊರಿನಲ್ಲಿ ಯಾರ ಬದು ಯಾರದೆಂಬ ತಕರಾರು ಬಂದರೂ ಅವನನ್ನೇ ಕರೆಯುವುದು. ಅವನು ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಹೇಳಿದ: “ಇಷ್ಟಕ್ಕೆ ಯಾಕ್ ನಾಯ್ನಾ ಬಾಯಿ ಬಡ್ಕೋತೀರಾ? ಮಣ್ಣು ಒತ್ಕೊಂಡು ನಡೀರಿ.”

ಇದು ನಮ್ಮ ಹಟ್ಟಿಯ ಹಳೆಯ ಕ್ರಮ. ಗಡಿಯೋ ದಾರಿಯೋ ತಕರಾರಿಗೆ ಬಿದ್ದರೆ, ತಿಳಿದವನೊಬ್ಬ ಆ ನೆಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲೆ ಇಟ್ಟುಕೊಂಡು ನಡೆಯಬೇಕು. ಮುಗಿಯುವವರೆಗೆ ಮಾತಾಡಬಾರದು, ಹಿಂತಿರುಗಿ ನೋಡಬಾರದು, ಹೆಂಟೆ ಬೀಳಬಾರದು. ಅವನ ಕಾಲು ಹೋದದ್ದೇ ಗಡಿ, ಅದೇ ದಾರಿ. ಸುಳ್ಳು ನಡೆದವನ ಮನೆ ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ ಬೇರೆ. ನಾನು ಇದನ್ನು ತರಗತಿಯಲ್ಲಿ ಪಾಠ ಮಾಡಿದ್ದೇನೆ, ‘ಹಿಂದಿನ ಕಾಲದಲ್ಲಿ’ ಎಂದು ಶುರುಮಾಡಿ.

ಮ್ಯಾನೇಜರ್ ಕಣ್ಣು ಅರಳಿತು. ತಕ್ಷಣ ಬೆಂಗಳೂರಿಗೆ ಫೋನ್ ಮಾಡಿ ದೂರ ಹೋಗಿ ಮಾತಾಡಿ ಬಂದರು. “ಸಾಹೇಬ್ರು ಒಪ್ಯಾರ್ರಿ. ಎಲ್ಲಿ ನಡೀತೀರಿ ಅಲ್ಲೇ ಬೇಲಿ ಬಿಡಸ್ತೀವಿ. ಒಂದ ಮಾತು, ನಾವು ವಿಡಿಯೋ ಮಾಡ್ಕೋತೀವಿ.” ಹಾಲಿನ ಕ್ಯಾನು ಹೊತ್ತ ಹೆಂಗಸರು ತೋಪಿನೊಳಗೆ ಆಗಾಗ ಕಾಣಿಸಿಕೊಂಡರೆ ಅತಿಥಿಗಳಿಗೂ ಒಳ್ಳೆಯದು ಎಂದು ಸಾಹೇಬರಿಗೆ ಅನ್ನಿಸಿತಂತೆ. ಹೀಗೆ ಅಕ್ಕನ ಬದುಕು ಅಲಂಕಾರದ ಲೆಕ್ಕದಲ್ಲಿ ಪಾಸಾಯಿತು.

“ಯಾರು ಒರ್ತೀರಾ?” ಎಂದ ಮುದುಕ. ಎಲ್ಲರೂ ನನ್ನ ಕಡೆ ನೋಡಿದರು. ಅಪ್ಪನ ಮಗ, ಮೇಲಾಗಿ ಓದಿದವನು.

ಅಕ್ಕನ ಮನೆಗೆ ಬಂದು ಅವಳು ಹಿಂಡಿ ಕಲಸುತ್ತಿದ್ದಾಗ ಪಕ್ಕದಲ್ಲಿ ಕುಳಿತು ನನ್ನ ನೆನಪನ್ನು ಪರೀಕ್ಷೆಗೆ ಇಟ್ಟೆ. ಬೆಳಗಿನ ಮಂಜು. ಅಪ್ಪನ ಬೆನ್ನು. ಹೊಗೆಗೂಡಿನಿಂದ ಏಳುವ ಹೊಗೆ. ಬೊಗಳುವ ದೊಡ್ಡ ನಾಯಿ. ಬಾಗಿಲಲ್ಲಿ ಬಿಳಿ ದೊರೆಸಾನಿ, ಅವಳು ಕೊಟ್ಟ ಬಿಸ್ಕತ್ತು.

ಅಕ್ಕ ಕೈ ನಿಲ್ಲಿಸಿದಳು. “ಯಾವ್ ದೊರೆಸಾನಿ?”

“ಬಂಗಲೆಯ ದೊರೆಸಾನಿ.”

“ನೀನು ಉಟ್ಟೋಕೆ ಮುಂಚೇನೇ ದೊರೆಗಳೆಲ್ಲಾ ಗಂಟುಮೂಟೆ ಕಟ್ಕೊಂಡು ಓಗಿದ್ರು. ಅಲ್ಲಿದ್ದಿದ್ದು ಮಲಯಾಳಿ ಡಾಕ್ಟ್ರಮ್ಮ. ನನಗಿಂತ ಕಪ್ಪಗಿದ್ಲು.”

“ಬಿಸ್ಕತ್ತು?”

“ಅದು ನಂಗೆ ಕೊಟ್ಟಿದ್ದು. ತಂದು ನಿಂಗೆ ಅರ್ಧ ಮುರ್ದು ಕೊಟ್ಟೆ. ನೀನು ಎಲ್ಲೋ ಒಂದೆರಡು ಸಲ ಬಂದಿರ್ಬೇಕು, ಅದೂ ಅಪ್ಪನ್ ಎಗಲ ಮೇಲೆ. ದಿನಾ ಓಗ್ತಿದ್ದೋಳು ನಾನು.”

ನಾಯಿಯ ಬಗ್ಗೆ ಕೇಳಲಿಲ್ಲ. ಅದೂ ನಂದಿದುರ್ಗ ಗಣಿಯ ಲೈನಿನಲ್ಲಿ ಇನ್ಯಾರದೋ ನಾಯಿ ಆಗಿರುತ್ತದೆ ಎಂದು ಖಾತ್ರಿಯಾಗಿತ್ತು. ಇಷ್ಟು ವರ್ಷ ಮದುವೆ ಮನೆಗಳಲ್ಲಿ ನಾನು ಹಂಚಿದ ಬಾಲ್ಯ ನನ್ನದಲ್ಲ. ಅಕ್ಕನ ಬಾಲ್ಯಕ್ಕೆ ಯಾವುದೋ ಇಂಗ್ಲಿಷ್ ಪಠ್ಯದ ಚಿತ್ರ ಅಂಟಿಸಿ ನನ್ನ ಹೆಸರಿನಲ್ಲಿ ಓಡಿಸಿದ್ದೆ. ಮ್ಯಾನೇಜರ್ ಹೊಂಗೆಗೆ ಕಿತ್ತಳೆ ಎಲೆ ಕಟ್ಟಿದ್ದನ್ನು ನೋಡಿ ನಕ್ಕವನು ನಾನು.

“ಹಾಗಾದರೆ ನಾನು ಮಣ್ಣು ಹೊರೋದಿಲ್ಲ,” ಎಂದೆ. “ನನಗೆ ದಾರಿ ನೆನಪಿಲ್ಲ.”

“ಒರ್ಬೇಡ ಬಿಡು. ನಿನ್ ತಲೆ ಮೇಲೆ ಯಾವ್ದೂ ನಿಲ್ಲಕಿಲ್ಲ,” ಎಂದು ಅವಳು ಮತ್ತೆ ಹಿಂಡಿ ಕಲಸಿದಳು.

ಬೆಳಗ್ಗೆ ಹಾಲು ಕರೆದಾದ ಮೇಲೆ ತೋಪಿನ ಬಾಯಲ್ಲಿ ಎಲ್ಲರೂ ನಿಂತರು. ಅಕ್ಕನ ಕ್ಯಾನು ನನ್ನ ಕೈಗೆ ಬಂದಿತ್ತು. ಮುದುಕ ಹಾರೆಯಿಂದ ಹೆಂಟೆ ಮೀಟಿ ತೆಗೆದು ಅದರ ಮೇಲೆ ಎರಡು ಕಣಗಲ ಹೂವಿಟ್ಟ. ಅಕ್ಕ ಸೆರಗನ್ನು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡು ಮುಂದೆ ಬಂದಳು.

ಗುಂಪಿನಲ್ಲಿ ಒಬ್ಬ, “ಎಣ್ಣೆಂಗ್ಸು ಮಣ್ಣು ಒರೋದಾ? ಎಲ್ಲಾದ್ರೂ ಉಂಟಾ?” ಎಂದ.

“ದಿನಾ ಉಲ್ಲಿನ್ ಒರೆ ಒರ್ತೀನಿ, ಸೌದೆ ಒರ್ತೀನಿ, ನಿಮ್ ಮನೆ ಗೊಬ್ರಾನೂ ಒತ್ತಿದೀನಿ. ಆಗ ಯಾರೂ ಕೇಳ್ಳಿಲ್ಲ. ಒಂದು ಎಂಟೆಗೆ ಬಂದ್‌ಬಿಟ್ಟ ಕೇಳೋಕೆ. ನೀನ್ ಒರ್ತೀಯಾ? ಬಾ. ಸುಳ್ಳು ನಡುದ್ರೆ ಮನೆ ಎಕ್ಕುಟ್ಟೋಯ್ತದೆ, ಗೊತ್ತಲ್ಲ?”

ಅವನು ಬರಲಿಲ್ಲ. ಮುದುಕ ನಕ್ಕು ಹೆಂಟೆಯನ್ನು ಸಿಂಬಿಯ ಮೇಲಿಟ್ಟ. ಅಕ್ಕ ಬಾಯಿ ಮುಚ್ಚಿದಳು. ಅದೊಂದೇ ಪವಾಡವೆಂದು ಅಲ್ಲಿದ್ದವರಿಗೆಲ್ಲ ಅನ್ನಿಸಿರಬೇಕು.

ಕೈ ಬಿಟ್ಟು, ಕತ್ತು ನೆಟ್ಟಗೆ ಮಾಡಿ ಅವಳು ನಡೆದಳು. ಹಿಂದೆ ಮುದುಕ, ಮ್ಯಾನೇಜರ್, ಅವರ ಫೋನು, ಕ್ಯಾನು ಹೊತ್ತ ನಾನು, ಹಟ್ಟಿಯ ಜನ. ಬೇಲಿಯ ತಂತಿಯನ್ನು ಅವಳು ಹೋದಲ್ಲೆಲ್ಲ ಕೆಲಸದವರು ಬಿಚ್ಚಿ ಕೊಟ್ಟರು. ನೀಲಗಿರಿ ಮರಗಳು ತೊಗಟೆ ಸುಲಿದುಕೊಂಡು ಬಿಳಿಬಿಳಿಯಾಗಿ ನಿಂತಿದ್ದವು. ಇಬ್ಬನಿಗೆ ನೆನೆದ ಎಲೆ ಸರಪರ ಅನ್ನದೆ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಕಾಫಿ ಕಪ್ಪು ಹಿಡಿದ ಇಬ್ಬರು ಅತಿಥಿಗಳು ದಾರಿ ಬಿಟ್ಟು ನಿಂತು, ಇದು ದಿನಾ ಇರುತ್ತದೆಯೇ ಎಂದು ಮ್ಯಾನೇಜರನ್ನು ಕೇಳಿದರು.

ಹೊಗೆಗೂಡು ಎದುರಾಯಿತು. ಅದರ ಬಲಕ್ಕೆ ನೆಲ ಇಳಿದು ಕೊರಕಲಾಗಿದೆ, ಲಂಟಾನ ಮುಚ್ಚಿಕೊಂಡಿದೆ. ಎಡಕ್ಕೆ ಸಮತಟ್ಟಾದ ಜಾಗ. ಅಲ್ಲಿ ಇಂಗ್ಲಿಷ್ ಹಳ್ಳಿಯವರು ಹೊಸದಾಗಿ ಹುಲ್ಲುಹಾಸು ಬೆಳೆಸಿದ್ದರು. ಅಕ್ಕ ಒಂದು ಕ್ಷಣವೂ ನಿಲ್ಲದೆ ಎಡಕ್ಕೆ ತಿರುಗಿ ಹುಲ್ಲುಹಾಸಿನ ನಟ್ಟನಡುವೆ ನಡೆದಳು.

ಆಗ ನನಗೆ ಅದು ಬಂತು. ನೆನೆಸಿಕೊಂಡದ್ದಲ್ಲ, ತಾನಾಗಿ ಬಂತು. ದಾರಿ ಬಲಕ್ಕಿತ್ತು. ಬಲಕ್ಕೆ ಇಳಿದರೆ ಒಂದು ಒಗೆಯುವ ಕಲ್ಲು, ಅಪ್ಪ ಅದರ ಮೇಲೆ ಹಾಲಿನ ಬಿಂದಿಗೆ ಇಳಿಸಿ ನನ್ನನ್ನು ಹೆಗಲಿಂದ ಇಳಿಸುತ್ತಿದ್ದ; ಕಲ್ಲು ತಣ್ಣಗೆ, ಅಂಗಾಲಿಗೆ ಸೋಪಿನ ಜಾರು. ಕತ್ತು ಚಾಚಿ ನೋಡಿದೆ. ಲಂಟಾನದ ಬುಡದಲ್ಲಿ ಕಲ್ಲು ಓರೆಯಾಗಿ ಬಿದ್ದಿತ್ತು, ನಡುವೆ ತೇಯ್ದ ತಗ್ಗು. ಯಾವ ದೊರೆಸಾನಿಯೂ ಇಲ್ಲ, ನಾಯಿ ಇಲ್ಲ, ಮಂಜು ಇಲ್ಲ. ಬರೀ ಕಲ್ಲು. ಜೀವಮಾನದಲ್ಲಿ ಮೊದಲ ಸಲ ನನಗೆ ಒಂದು ವಿಷಯ ಅನುಮಾನವಿಲ್ಲದೆ ಗೊತ್ತಾಗಿತ್ತು. ಅದೂ ಎಂಥ ಹೊತ್ತಿನಲ್ಲಿ!

ಬಲಗಡೆಯ ಕೊರಕಲಿನಲ್ಲಿ ಕ್ಯಾನು ಹೊತ್ತು ಇಳಿಯುವುದು ಅಕ್ಕನ ಮೊಣಕಾಲಿಗೆ ಆಗದ ಕೆಲಸ. ದಾರಿ ಅಲ್ಲೇ ಎಂದು ಸಾಬೀತಾದರೆ ನ್ಯಾಯ ಸಿಕ್ಕಂತೆಯೂ ಆಗುತ್ತದೆ, ಹಸು ಮಾರಿದಂತೆಯೂ ಆಗುತ್ತದೆ.

ಮ್ಯಾನೇಜರ್ ಹುಲ್ಲುಹಾಸು ನೋಡಿ ಬೆಚ್ಚಿದ್ದರು. ಎಷ್ಟೋ ಲಾರಿ ನೀರು ಕುಡಿದ ಹುಲ್ಲು. ವಿಡಿಯೋ ನಿಲ್ಲಿಸಿ ನನ್ನ ಪಕ್ಕಕ್ಕೆ ಬಂದರು.

“ಸರ, ನೀವು ಓದಿದವ್ರು, ಸುಳ್ಳ ಹೇಳಾಂಗಿಲ್ಲ. ದಾರಿ ಇಲ್ಲೇ ಇತ್ತೇನ್ರಿ? ಬಲಕ್ಕ, ಆ ಕಡೆ ಇರಲಿಲ್ಲೇನ್ರಿ?”

ಮುದುಕನೂ ತಿರುಗಿ ನೋಡಿದ. ಅವನಿಗೆ ಗೊತ್ತಿತ್ತೋ ಇಲ್ಲವೋ ಮುಖದಲ್ಲಿ ಓದಲಾಗಲಿಲ್ಲ. ಕಿವಿಯಿಂದ ಬೀಡಿ ತೆಗೆದು ಬಾಯಿಗಿಟ್ಟ. ಅಕ್ಕ ಮಾತ್ರ ತಿರುಗಲಿಲ್ಲ, ತಿರುಗುವಂತಿರಲಿಲ್ಲ. ಆದರೆ ನಡಿಗೆ ಒಂದಿಷ್ಟು ನಿಧಾನವಾಯಿತು ಎಂದು ನನಗೆ ಅನ್ನಿಸಿತು.

“ನನಗೆ ನೆನಪಿಲ್ಲ,” ಎಂದೆ.

ಜೀವನವೆಲ್ಲ ಪ್ರಾಮಾಣಿಕವಾಗಿ ಹೇಳಿದ ಈ ಮಾತನ್ನು ಅವತ್ತು ಮೊದಲ ಸಲ ಸುಳ್ಳಾಗಿ ಹೇಳಿದೆ. ಯಾರೂ ಅನುಮಾನಿಸಲಿಲ್ಲ. ನನ್ನ ಖ್ಯಾತಿ ಅಷ್ಟು ಭದ್ರವಾಗಿತ್ತು.

ಅಕ್ಕ ಹುಲ್ಲುಹಾಸು ದಾಟಿ ರಸ್ತೆಗೆ ಹತ್ತಿ, ಡೈರಿಯ ಮುಂದೆ ಹೆಂಟೆ ಇಳಿಸಿದಳು. ಅದು ಎರಡು ಹೋಳಾಯಿತು, ಯಾರೋ ಕೈಮುಗಿದರು. ಅವಳು ಸೆರಗು ಕೊಡವಿ, ನನ್ನ ಕೈಯಿಂದ ಕ್ಯಾನು ಕಿತ್ತುಕೊಂಡು ಅಳತೆಗೆ ಸಾಲು ನಿಂತಳು. ಡೈರಿಯವನು ಇನ್ನೂ ಬಾಗಿಲು ಹಾಕಿರಲಿಲ್ಲ. ಮಧ್ಯಾಹ್ನದೊಳಗೆ ಬೇಲಿಯಲ್ಲಿ ಎರಡು ಕಡೆ ಗಂಡಿ ಬಿಡಿಸಿದರು. ಹುಲ್ಲುಹಾಸಿನ ಅಂಚಿಗೆ ‘ಪುರಾತನ ಹಾಲಿನ ಹಾದಿ’ ಎಂಬ ಬೋರ್ಡು ನೆಡಲು ಕೆಲಸದವರು ಗುಂಡಿ ತೋಡತೊಡಗಿದರು.

ಸಂಜೆ ಅದೇ ಹಾದಿಯಲ್ಲಿ ಅಕ್ಕನ ಹಿಂದೆ ನಡೆಯುತ್ತಾ ಕೇಳಿದೆ. “ಅಕ್ಕಾ, ಅಪ್ಪ ಬಿಂದಿಗೆ ಇಳಿಸ್ತಿದ್ದ ಒಗೆಯೋ ಕಲ್ಲು ಬಲಗಡೆ ಅಲ್ವಾ ಇದ್ದದ್ದು?”

“ಯಾವ್ ಕಲ್ಲು?”

“ಸೋಪಿನ ಕಲ್ಲು. ಕೊರಕಲಿನ ಹತ್ತಿರ.”

“ಅಲ್ಲಿ ಯಾವ್ ಕಲ್ಲೂ ಇರ್ಲಿಲ್ಲ ಕಣ್ಲಾ. ಇನ್ನೊಂದ್ ದೊರೆಸಾನಿ ಶುರು ಮಾಡ್ದಾ?”

ಅವಳು ಖಾಲಿ ಕ್ಯಾನನ್ನು ಕೈ ಬದಲಾಯಿಸಿ ಮುಂದೆ ನಡೆದಳು. ಬೆಳಗ್ಗೆ ನಾನು ಕಲ್ಲು ನೋಡಿದ್ದೆ. ಲಂಟಾನದ ಬುಡದಲ್ಲಿ, ಓರೆಯಾಗಿ. ಹೊಗೆಗೂಡು ಪಕ್ಕದಲ್ಲೇ ಇತ್ತು, ನಾಲ್ಕು ಹೆಜ್ಜೆ ಬಲಕ್ಕೆ ಹಾಕಿದ್ದರೆ ಮತ್ತೆ ಕಾಣುತ್ತಿತ್ತು, ಅಥವಾ ಕಾಣುತ್ತಿರಲಿಲ್ಲ. ಹಾಕಲಿಲ್ಲ.

“ಬಿರ್ರನೆ ಬಾರ್ಲಾ,” ಎಂದಳು ಅಕ್ಕ. “ಕತ್ಲಾದ್ರೆ ಆ ಕಲ್ ಮೇಲೆ ಜಾರಿ ಬಿದ್ದೀಯ.”